ಲೊಕೇಶನ್ ಕಳ್ಸಿ, ಆದ್ರೆ ಟೈಮ್ ಹಾಕಿ ಕಳ್ಸಿ

ಈಗ ಯಾರನ್ನಾದ್ರೂ ಮನೆಗೆ ಕರೆದ್ರೆ ಅಡ್ರೆಸ್ ಯಾರು ಕೇಳ್ತಾರೆ, "ಲೊಕೇಶನ್ ಹಾಕ್ಬಿಡಿ" ಅಂತಾರೆ ಅಷ್ಟೇ. ಮದುವೆ ಕಾರ್ಡಲ್ಲಿ ಛತ್ರದ ಹೆಸರಿನ ಕೆಳಗೆ ಕ್ಯೂಆರ್ ಕೋಡ್ ಬಂದಿದೆ, ಕೊರಿಯರ್ ಹುಡುಗನಿಂದ ಹಿಡಿದು ಹೆಣ್ಣು ನೋಡೋಕೆ ಬರೋರವರೆಗೂ ಎಲ್ರಿಗೂ ಪಿನ್ ಬೇಕು. ಬೇಕಾಗಿರೋದೂ ನಿಜಾನೇ, ಬೆಂಗಳೂರಲ್ಲಿ 5ನೇ ಮೇನ್ 3ನೇ ಕ್ರಾಸ್ ಅಂದ್ರೆ ಯಾವ ಬ್ಲಾಕು, ಯಾವ ಸ್ಟೇಜು ಅಂತ ಹೇಳೋದ್ರಲ್ಲೇ ಸಾಕಾಗಿ ಹೋಗತ್ತೆ. ಎಲ್ರೂ ಎಡವೋದು ಒಂದೇ ಕಡೆ: ಕಳ್ಸೋದು ಗೊತ್ತು, ನಿಲ್ಸೋದು ಎಲ್ಲಿ ಅಂತ ಗೊತ್ತಿಲ್ಲ.

ಫೋನಿಗೆ ಹೇಗೆ ಗೊತ್ತಾಗತ್ತೆ?

ಜಿಪಿಎಸ್ ಒಂದೇ ಅಲ್ಲ. ಜಿಪಿಎಸ್‌ಗೆ ಕನಿಷ್ಠ 4 ಉಪಗ್ರಹ ಸಿಗ್ಬೇಕು, ಬಯಲಲ್ಲಾದ್ರೆ ಸುಮಾರು 5 ಮೀಟರ್ ಒಳಗೆ ಜಾಗ ಹೇಳತ್ತೆ, ಬೇಸ್‌ಮೆಂಟಲ್ಲಿ ಒದ್ದಾಡತ್ತೆ. ಆಗ ಅಕ್ಕಪಕ್ಕದ ವೈಫೈ, ಬ್ಲೂಟೂತ್, ಮೊಬೈಲ್ ಟವರ್ ಎಲ್ಲಾ ಸೇರಿಸಿ ಲೆಕ್ಕ ಹಾಕತ್ತೆ. 'ವೇರ್ ಈಸ್ ಮೈ ಟ್ರೈನ್' ಬಳಸಿರ್ತೀರಲ್ಲ, ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಮಾಡಿದ್ದು, 2018ರಲ್ಲಿ ಗೂಗಲ್ ಆ ಕಂಪನಿನ ಕೊಂಡ್ಕೊಂಡ್ತು, ಅದು ಇಂಟರ್ನೆಟ್ಟೂ ಜಿಪಿಎಸ್ಸೂ ಇಲ್ದೇನೇ ಬರೀ ಟವರ್ ನೋಡಿ ಟ್ರೈನ್ ಎಲ್ಲಿದೆ ಅಂತ ಹೇಳತ್ತೆ. ಅಂದ್ರೆ ನೀವು ಲೊಕೇಶನ್ ಬಟನ್ ಆಫ್ ಮಾಡಿದ್ರೂ ನೀವು ಯಾವ ಟವರ್ ವ್ಯಾಪ್ತೀಲಿದೀರ ಅನ್ನೋದು ಸಿಮ್ ಕಂಪನಿಗೆ ಗೊತ್ತಿರತ್ತೆ. ಅದನ್ನ ನೀವು ತಡೆಯೋಕಾಗಲ್ಲ, ಬಿಟ್ಬಿಡಿ. ನಮ್ ಕೈಲಿರೋದು ಆ್ಯಪ್‌ಗಳಿಗೆ ಮತ್ತೆ ಮನುಷ್ಯರಿಗೆ ಕೊಡೋ ಲೊಕೇಶನ್ನು.

ಹಂತ 1: ವಾಟ್ಸಾಪಲ್ಲಿ ಸರಿಯಾದ್ದನ್ನ ಒತ್ತಿ

ಚಾಟ್ ತೆಗೆದು ಪೇಪರ್ ಕ್ಲಿಪ್ ಥರ ಇರೋ ಅಟ್ಯಾಚ್ ಗುರುತು (ಐಫೋನಲ್ಲಿ ಪ್ಲಸ್) ಒತ್ತಿ, ಲೊಕೇಶನ್‌ಗೆ ಹೋಗಿ. ಅಲ್ಲಿ ಎರಡಿವೆ. 'ಕರೆಂಟ್ ಲೊಕೇಶನ್' ಕಳ್ಸಿದ್ರೆ ಆ ಕ್ಷಣ ಇದ್ದ ಜಾಗ ಮಾತ್ರ ಹೋಗತ್ತೆ, ಆಮೇಲೆ ನೀವು ಎಲ್ಲಿಗೆ ಹೋದ್ರೂ ಅದು ಕದಲಲ್ಲ. ಮನೆಗೆ ದಾರಿ ಹೇಳೋಕೆ ಇದು ಸಾಕು. 'ಲೈವ್ ಲೊಕೇಶನ್' ಅಂದ್ರೆ ನಿಮ್ ಜೊತೆ ಅದೂ ಓಡಾಡತ್ತೆ, 15 ನಿಮಿಷ, 1 ಗಂಟೆ, 8 ಗಂಟೆ ಅಂತ ಮೂರೇ ಆಯ್ಕೆ. ನನ್ ಪ್ರಕಾರ ಇದ್ರಲ್ಲಿರೋ ಒಳ್ಳೇ ಗುಣಾನೇ ಇದು, ನೀವು ಮರೆತ್ರೂ 8 ಗಂಟೆ ಆದ್ಮೇಲೆ ತಾನೇ ನಿಂತೋಗತ್ತೆ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ನೂ ಇದೆ, ಹಾಗಾಗಿ ನೀವು ಯಾರಿಗೆ ಕಳ್ಸಿದ್ರೋ ಅವ್ರಿಗಷ್ಟೇ ಕಾಣತ್ತೆ. ಆದ್ರೆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ಆ ಗ್ರೂಪಲ್ಲಿರೋ ಎಲ್ರಿಗೂ ಕಾಣತ್ತೆ, ಯಾವತ್ತೋ ಸೇರ್ಸಿದ ದೂರದ ಸಂಬಂಧಿಯ ಅಳಿಯನಿಗೂ.

ಮಗಳು ರಾತ್ರಿ ಬಸ್ಸಲ್ಲಿ ಬೆಂಗಳೂರಿಂದ ಮಂಗಳೂರಿಗೆ ಹೊರಟಿದಾಳೆ ಅಂದ್ಕೊಳ್ಳಿ, ಅಮ್ಮ ಮನೇಲಿ ಕೂತು ನೋಡ್ತಿದಾರೆ, ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯೋವಾಗ ಮಗಳ ಫೋಟೋ ಇರೋ ಆ ಪುಟ್ಟ ವೃತ್ತ ಕಾಡಿನ ಮಧ್ಯ ನಿಂತೇಬಿಡತ್ತೆ. ಅಮ್ಮಂಗೆ ಎದೆ ಡವಡವ. ಆದ್ರೆ ಬಸ್ ನಿಂತಿರಲ್ಲ, ನಿಂತಿರೋದು ನೆಟ್‌ವರ್ಕು. ಮ್ಯಾಪಲ್ಲಿ ಹೆಸ್ರಿನ ಕೆಳಗೆ ಎಷ್ಟು ನಿಮಿಷದ ಹಿಂದೆ ಅಪ್‌ಡೇಟ್ ಆಗಿದ್ದು ಅಂತ ಸಣ್ಣಕ್ಷರದಲ್ಲಿ ಇರತ್ತೆ, ಮೊದ್ಲು ಅದನ್ನ ಓದೋದು ಮನೆಯವ್ರಿಗೆ ಹೇಳ್ಕೊಡಿ. ಹೊರಡೋ ಮುಂಚೆ "ಘಾಟಲ್ಲಿ ಸಿಗಲ್ಲ ಅಮ್ಮಾ" ಅಂತ ಒಂದು ಮಾತು ಹೇಳಿದ್ರೆ ಇನ್ನೂ ಒಳ್ಳೇದು. ಬ್ಯಾಟರೀನೂ ಬೇಗ ಖಾಲಿಯಾಗತ್ತೆ, ಪವರ್ ಬ್ಯಾಂಕ್ ಇಟ್ಕೊಳ್ಳಿ. ಇನ್ನು ನಿಜವಾಗ್ಲೂ ಅಪಾಯ ಅನ್ಸಿದ್ರೆ ಲೊಕೇಶನ್ ಕಳಿಸ್ತಾ ಕೂರ್ಬೇಡಿ, 112ಕ್ಕೆ ಫೋನ್ ಮಾಡಿ.

ನಿಲ್ಸೋಕೆ ಚಾಟಲ್ಲೇ 'ಸ್ಟಾಪ್ ಶೇರಿಂಗ್' ಇದೆ. ಯಾರ್ಯಾರಿಗೆ ಹೋಗ್ತಿದೆ ಅಂತ ನೆನಪಿಲ್ವಾ, ಸೆಟ್ಟಿಂಗ್ಸ್, ಪ್ರೈವೆಸಿ, ಲೈವ್ ಲೊಕೇಶನ್‌ಗೆ ಹೋದ್ರೆ ಪೂರ್ತಿ ಪಟ್ಟಿ ಸಿಗತ್ತೆ.

ಹಂತ 2: ಗೂಗಲ್ ಮ್ಯಾಪ್ಸ್ ಪಟ್ಟಿ ತೆಗೆದು ನೋಡಿ

ಇದು ಸ್ವಲ್ಪ ಹುಷಾರಾಗಿರ್ಬೇಕಾದ ಜಾಗ, ಯಾಕಂದ್ರೆ ಇಲ್ಲಿ 'ನೀವು ಆಫ್ ಮಾಡೋವರೆಗೂ' ಅನ್ನೋ ಆಯ್ಕೆ ಇದೆ. ಬಲಗಡೆ ಮೇಲಿರೋ ನಿಮ್ ಫೋಟೋ ಒತ್ತಿ 'ಲೊಕೇಶನ್ ಶೇರಿಂಗ್' ತೆಗೀರಿ, ಯಾರಿಗೆ ಕೊಟ್ಟಿದೀರೋ ಅವ್ರ ಹೆಸ್ರು ಇರತ್ತೆ, ಹೆಸ್ರು ಒತ್ತಿ ಸ್ಟಾಪ್ ಮಾಡಿ. ನೀವು ಎಲ್ಲಿದೀರ ಅನ್ನೋದ್ರ ಜೊತೆ ನಿಮ್ ಫೋನಲ್ಲಿ ಎಷ್ಟು ಚಾರ್ಜ್ ಇದೆ ಅನ್ನೋದೂ ಅವ್ರಿಗೆ ಕಾಣತ್ತೆ ("ಚಾರ್ಜ್ ಇರ್ಲಿಲ್ಲ, ಅದ್ಕೇ ಫೋನ್ ಎತ್ಲಿಲ್ಲ" ಅನ್ನೋ ನೆಪ ಇಲ್ಲಿ ನಡೆಯಲ್ಲ). ಲಿಂಕ್ ಮಾಡಿ ಕಳ್ಸಿದ್ರಂತೂ ಆ ಲಿಂಕ್ ಯಾರ ಕೈಗೆ ಸಿಕ್ರೂ ನೋಡ್ಬಹುದು. ಐಫೋನಲ್ಲಿ 'ಫೈಂಡ್ ಮೈ' ಒಳಗೂ ಹೀಗೇ, ಒಂದು ಗಂಟೆ, ಇವತ್ತಿನ ದಿನ ಮುಗಿಯೋವರೆಗೆ, ಇಲ್ಲಾ ಅನಿರ್ದಿಷ್ಟ ಕಾಲ. ಆ ಮೂರನೇದು ಒತ್ತೋ ಮುಂಚೆ ಯೋಚ್ನೆ ಮಾಡಿ.

ಲಾಕ್ ಇಲ್ದೇ ಇರೋ ಫೋನ್ ಯಾರ ಕೈಗಾದ್ರೂ ಒಂದ್ ನಿಮಿಷ ಸಿಕ್ರೆ ಇದನ್ನ ಆನ್ ಮಾಡಿಡ್ಬಹುದು, ಹಾಗಾಗಿ ನೀವು ಯಾರಿಗೂ ಕೊಟ್ಟಿಲ್ಲ ಅಂದ್ರೂ ಆಗಾಗ ಈ ಪಟ್ಟಿ ನೋಡ್ತಿರಿ.

ಹಂತ 3: ಆ್ಯಪ್‌ಗಳ ಪರ್ಮಿಷನ್

ಮನುಷ್ಯರಾದ್ರೂ ಗುರುತಿರೋರು, ಆ್ಯಪ್‌ಗಳು ಹಾಗಲ್ಲ. 2013ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಟಾರ್ಚ್ ಆ್ಯಪ್ ಮೇಲೆ ಕ್ರಮ ತಗೊಂಡಿತ್ತು, ಲೈಟ್ ಹಾಕೋ ಆ್ಯಪು ಜನರ ಲೊಕೇಶನ್ನ ಜಾಹೀರಾತು ಕಂಪನಿಗಳಿಗೆ ಕೊಡ್ತಿತ್ತು. ಹೆಸ್ರಿಲ್ದೇ ಇರೋ ಡೇಟಾನೂ ಕಮ್ಮಿ ಏನಲ್ಲ. ಸ್ಟ್ರಾವಾ ಅನ್ನೋ ಓಟ-ಸೈಕಲ್ ಆ್ಯಪ್ 2017ರಲ್ಲಿ ಜಗತ್ತಿನ ತುಂಬ ಜನ ಓಡಿದ ದಾರಿಗಳ ಹೀಟ್‌ಮ್ಯಾಪ್ (ಜಾಸ್ತಿ ಓಡಾಡಿದ ದಾರಿ ಜಾಸ್ತಿ ಹೊಳೆಯೋ ಮ್ಯಾಪ್) ಹಾಕ್ತು, ಒಬ್ಬರ ಹೆಸರೂ ಇರ್ಲಿಲ್ಲ, 2018ರ ಜನವರೀಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ನೋಡಿ ಹೇಳಿದ, ಸಿರಿಯಾ ಅಫ್ಘಾನಿಸ್ತಾನದಂಥ ಕಡೆ ಕತ್ತಲೆ ಮ್ಯಾಪಲ್ಲಿ ಹೊಳೀತಿರೋ ಗೆರೆಗಳು ಸೇನಾ ನೆಲೆಯೊಳಗೆ ಸೈನಿಕರು ಜಾಗಿಂಗ್ ಮಾಡೋ ದಾರಿ ಅಂತ.

ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್, ಲೊಕೇಶನ್, ಆ್ಯಪ್ ಲೊಕೇಶನ್ ಪರ್ಮಿಷನ್ಸ್ (ಫೋನ್ ಕಂಪನಿ ಪ್ರಕಾರ ಹೆಸ್ರು ಸ್ವಲ್ಪ ಆಚೀಚೆ). 'ಯಾವಾಗ್ಲೂ' ಅನ್ನೋ ಗುಂಪಲ್ಲಿರೋದನ್ನ ಒಂದೊಂದೇ ನೋಡಿ. ಕ್ಯಾಬ್, ಊಟ ತರೋ ಆ್ಯಪ್‌ಗೆ 'ಬಳಸೋವಾಗ ಮಾತ್ರ' ಸಾಕು. ಹವಾಮಾನ, ಸುದ್ದಿ, ಶಾಪಿಂಗ್‌ಗೆ 'ಪ್ರಿಸೈಸ್' ಆಫ್ ಮಾಡಿ, ಆಂಡ್ರಾಯ್ಡ್ 12ರಿಂದ ಈಚೆ ಇದಿದೆ, ಆಗ ಆ್ಯಪ್‌ಗೆ ಸುಮಾರು 3 ಚದರ ಕಿಲೋಮೀಟರ್‌ನಷ್ಟು ಅಂದಾಜು ಮಾತ್ರ ಹೋಗತ್ತೆ, ಜಯನಗರದಲ್ಲಿ ಮಳೆ ಬರತ್ತಾ ಅಂತ ಹೇಳೋಕೆ ನಿಮ್ಮನೆ ಗೇಟ್ ಗೊತ್ತಾಗ್ಬೇಕಾಗಿಲ್ಲ. ಐಫೋನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್. ಗೇಮು, ಕ್ಯಾಲ್ಕುಲೇಟರ್ ಕೇಳಿದ್ರೆ ಬೇಡ ಅನ್ನಿ. ಮಕ್ಕಳ ಫೋನಲ್ಲಿ ಸ್ನ್ಯಾಪ್‌ಚಾಟ್ ಇದ್ರೆ ಮ್ಯಾಪ್ ಸೆಟ್ಟಿಂಗ್ಸಲ್ಲಿ ಘೋಸ್ಟ್ ಮೋಡ್ (ಅವ್ರಿರೋ ಜಾಗ ಯಾರಿಗೂ ಕಾಣದ ಹಾಗೆ ಮಾಡೋದು) ಆನ್ ಮಾಡ್ಸಿ.

ಹಂತ 4: ಮನೇಲಿ ಮಾತಾಡಿ

ಇದು ಸೆಟ್ಟಿಂಗ್ಸಲ್ಲಿ ಸಿಗಲ್ಲ. ವಯಸ್ಸಾದ ಅಪ್ಪ ಬೆಳಗ್ಗೆ ವಾಕಿಂಗ್ ಹೋದವ್ರು ದಾರಿ ಮರೀತಾರೆ ಅಂದ್ರೆ ಪರ್ಮನೆಂಟ್ ಶೇರಿಂಗ್ ಇಡೋದ್ರಲ್ಲಿ ಅರ್ಥ ಇದೆ. ಆದ್ರೆ ಗಂಡ ಆಫೀಸಿಂದ ಹೆಂಡ್ತಿ ಚುಕ್ಕಿ ನೋಡ್ತಾ "ಬ್ಯಾಂಕಿಗೆ ಹೋಗ್ತೀನಿ ಅಂದು ತವರುಮನೆ ಕಡೆ ಯಾಕೆ ಹೋದೆ" ಅಂತ ಕೇಳೋದು ಕಾಳಜಿ ಅಲ್ಲ, ಕಾವಲು. ಪಿಜೀಲಿರೋ ಹುಡ್ಗೀರಿಗೂ ಇದೇ ಪಾಡು. ಕೆಲವು ಕಂಪನಿಗಳಂತೂ ಸೇಲ್ಸ್ ಹುಡುಗ್ರಿಗೆ ಅಟೆಂಡೆನ್ಸ್ ಆ್ಯಪ್ ಹಾಕ್ಸಿ ಭಾನುವಾರನೂ ನೋಡ್ತಾವೆ, ಡ್ಯೂಟಿ ಮುಗಿದ್ಮೇಲೆ ಪರ್ಮಿಷನ್ ತೆಗೀತೀನಿ ಅಂತ ಸೇರೋವಾಗ್ಲೇ ಮಾತಾಡ್ಕೊಳ್ಳಿ.

ಕೋರ್ಟ್ ಕೂಡ ಇದನ್ನ ಸಣ್ಣ ವಿಷ್ಯ ಅಂತ ನೋಡಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂತಲ್ಲ, ಆ ಅರ್ಜಿ ಹಾಕಿದ್ದು ನಮ್ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2024ರ ಜುಲೈಲಿ ಮಾದಕವಸ್ತು ಕೇಸಿನ ಆರೋಪಿಯೊಬ್ಬರಿಗೆ ಗೂಗಲ್ ಮ್ಯಾಪ್ಸ್ ಪಿನ್ ಹಾಕಿ ತನಿಖಾಧಿಕಾರಿಗೆ ಕಾಣೋ ಹಾಗೆ ಇಡ್ಬೇಕು ಅಂತ ಹಾಕಿದ್ದ ಜಾಮೀನು ಷರತ್ತನ್ನ ಸುಪ್ರೀಂ ಕೋರ್ಟ್ ತೆಗೆದುಹಾಕ್ತು, ಜಾಮೀನು ಪಡೆದೋರ ಓಡಾಟನೆಲ್ಲಾ ಪೊಲೀಸರು ಸದಾ ನೋಡ್ತಿರೋ ಹಾಗೆ ಮಾಡೋದು ಖಾಸಗಿತನಕ್ಕೆ ಧಕ್ಕೆ ಅಂತ. ಪಿನ್ ಹಾಕಿದ್ರೆ ಲೈವ್ ಆಗಿ ನೋಡೋಕಾಗಲ್ಲ ಅಂತ ಗೂಗಲ್ಲೇ ಕೋರ್ಟಿಗೆ ಹೇಳಿತ್ತು, ಮೇಲೆ ಹಂತ 1ರಲ್ಲಿ ಹೇಳಿದ ವ್ಯತ್ಯಾಸ ಅದೇ.

ಹಂತ 5: ಫೋಟೋ

ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ಲೊಕೇಶನ್ ಟ್ಯಾಗ್ ಆನ್ ಇದ್ರೆ ಫೋಟೋ ತೆಗೆದ ಜಾಗ ಆ ಫೈಲ್ ಒಳಗೇ ಕೂತಿರತ್ತೆ. ಟ್ರಿಪ್ಪಿಗೆ ಚೆನ್ನಾಗಿರತ್ತೆ, ಯಾವ ಫಾಲ್ಸ್ ಅಂತ ವರ್ಷ ಆದ್ಮೇಲೂ ಗೊತ್ತಾಗತ್ತೆ. ಹಳೇ ಸೋಫಾ ಮಾರೋಕೆ ಅಂತ ಮನೇಲಿ ತೆಗೆದ ಫೋಟೋನ ಕ್ವಾಲಿಟಿ ಹೋಗ್ಬಾರ್ದು ಅಂತ ಗುರುತಿಲ್ದೋರಿಗೆ ಡಾಕ್ಯುಮೆಂಟ್ ಆಗಿ ಕಳ್ಸಿದ್ರೆ ಸೋಫಾ ಜೊತೆ ಅಡ್ರೆಸ್ಸೂ ಹೋಗತ್ತೆ. ಅಂಥ ಫೋಟೋಗೆ ಸ್ಕ್ರೀನ್‌ಶಾಟ್ ತೆಗೆದು ಅದನ್ನ ಕಳ್ಸಿ.