ಹಳೇ ರೇಸ್ ಗೇಮ್ ಜಗ್ಗುತ್ತಿದೆಯಾ? ಕಾರ್ಡ್ ಕೊಳ್ಳುವ ಮುಂಚೆ ಪ್ರೊಸೆಸರ್ ನೋಡಿ

ಹೊಸನಗರ, ತೀರ್ಥಹಳ್ಳಿ ಕಡೆ ಜೋರು ಮಳೆ ಹಿಡಿಯಿತೆಂದರೆ ಮಕ್ಕಳಿಗೆ ಹೊರಗೆ ಆಟವಿಲ್ಲ. ಚಿಕ್ಕಪ್ಪ ಕಾಲೇಜು ಓದುವಾಗ ತಂದ ಸಿಸ್ಟಂ ಆಗ ಅಟ್ಟದಿಂದ ಇಳಿಯುತ್ತದೆ. 2005ರ 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಹಾಕಿದರೆ, ಖಾಲಿ ರಸ್ತೆಯಲ್ಲಿ ಕಾರು ಸಲೀಸಾಗಿ ಓಡುತ್ತದೆ. ಹಿಂದೆ ನಾಲ್ಕೈದು ಪೊಲೀಸ್ ಕಾರು ಬಿದ್ದವೋ, ಚಿತ್ರ ತಡೆತಡೆದು ಬರುತ್ತದೆ. 'ಗ್ರಾಫಿಕ್ಸ್ ಕಾರ್ಡ್ ಹಾಕಿಸು ಮಾರಾಯ' ಅನ್ನುವ ಸಲಹೆ ಎಲ್ಲರ ಬಾಯಲ್ಲೂ ರೆಡಿ. ದುಡ್ಡು ಬಿಚ್ಚುವ ಮೊದಲು ತಪ್ಪು ಚಿತ್ರ ಬಿಡಿಸುವ ಕಾರ್ಡಿನದ್ದೋ, ಆಟದ ಲೆಕ್ಕ ಮಾಡುವ ಪ್ರೊಸೆಸರಿನದ್ದೋ ಅಂತ ನೋಡಿಕೊಳ್ಳೋಣ.

ಮೊದಲು ಪರೀಕ್ಷೆ

ಗೇಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್, ಅಂದರೆ ಚಿತ್ರದಲ್ಲಿನ ಚುಕ್ಕಿಗಳ ಸಂಖ್ಯೆ, ಇಳಿಸಿ. 1024x768 ಇದ್ದರೆ 640x480ಕ್ಕೆ ತನ್ನಿ. ಅದೇ ಟ್ರ್ಯಾಕ್, ಅಷ್ಟೇ ಎದುರಾಳಿಗಳು ಇರಲಿ. ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಬರುತ್ತಿದೆ ಎಂಬ ಲೆಕ್ಕ ತೋರಿಸಲು ಫ್ರ್ಯಾಪ್ಸ್‌ನಂಥ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣಿಗೇ ಗೊತ್ತಾಗುತ್ತದೆ. ಓಟ ಹಗುರಾದರೆ ಕಾರ್ಡ್ ಸೋತಿತ್ತು ಎಂದರ್ಥ. ಏನೂ ಬದಲಾಗಲಿಲ್ಲವೇ? ಹಾಗಾದರೆ ಸೋತದ್ದು ಪ್ರೊಸೆಸರ್. ಚಿತ್ರ ಚಿಕ್ಕದಾದರೆ ಕಾರ್ಡ್ ಬಣ್ಣ ತುಂಬುವ ಕೆಲಸ ಕಡಿಮೆಯಾಗುತ್ತದೆ. ಆದರೆ ಯಾವ ಕಾರು ಎಲ್ಲಿದೆ, ಚಕ್ರಕ್ಕೆ ಎಷ್ಟು ಹಿಡಿತ ಸಿಗುತ್ತಿದೆ, ಯಾರು ಯಾರಿಗೆ ಗುದ್ದಿದರು ಎಂಬ ಪ್ರೊಸೆಸರಿನ ಲೆಕ್ಕವೆಲ್ಲ ಹಾಗೇ ಉಳಿಯುತ್ತದೆ.

ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ ಮೋಸ ಹೋಗಬೇಡಿ. ಪ್ರೊಸೆಸರ್ ಒಳಗೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಇರುವ ಸಿಸ್ಟಂನಲ್ಲಿ 25% ಅಂತ ತೋರಿಸಿದರೆ 'ಆರಾಮಾಗಿದೆ' ಅನ್ನಿಸುತ್ತದೆ. ಒಂದು ಕೋರಿನಷ್ಟು ಕೆಲಸ ಪೂರ್ತಿ ತುಂಬಿದ್ದರೂ ಅಲ್ಲಿ ಕಾಣುವುದು ಅಷ್ಟೇ. ಮನೆಬಳಕೆಯ ಡೆಸ್ಕ್‌ಟಾಪ್‌ಗಳಿಗೆ ಎರಡು ಕೋರಿನ ಪ್ರೊಸೆಸರ್ ಬಂದದ್ದೇ 2005ರಲ್ಲಿ. ಅದಕ್ಕೂ ಮುಂಚಿನ ಗೇಮ್‌ಗಳನ್ನು ಹೆಚ್ಚಾಗಿ ಒಂದೇ ಕೋರಿಗೆಂದು ಬರೆದಿದ್ದಾರೆ. ಮರ ಹತ್ತುವ ಕೊನೆಗಾರ ಒಬ್ಬನೇ ಇದ್ದರೆ, ಕೆಳಗೆ ಹಗ್ಗ ಹಿಡಿಯಲು ನಾಲ್ಕು ಜನ ನಿಂತರೂ ಅಡಿಕೆ ಕೊಯ್ಲು ಬೇಗ ಮುಗಿಯುವುದಿಲ್ಲ, ಅಲ್ವಾ?

ದುಡ್ಡಿಲ್ಲದೆ ಮಾಡುವ ಕೆಲಸ

ಎದುರಾಳಿ ಕಾರುಗಳನ್ನು ಕಡಿಮೆ ಮಾಡಿ. ಪ್ರೊಸೆಸರ್‌ಗೆ ದೊಡ್ಡ ಹೊರೆ ಇವೇ. 1999ರ 'ಮಿಡ್‌ಟೌನ್ ಮ್ಯಾಡ್‌ನೆಸ್'ನಲ್ಲಿ ರಸ್ತೆಯ ವಾಹನಗಳನ್ನೂ ಪಾದಚಾರಿಗಳನ್ನೂ ತಗ್ಗಿಸಬಹುದು. ಕಾಲಿನ್ ಮೆಕ್‌ರೇ ಥರದ ರ‍್ಯಾಲಿ ಗೇಮ್ ಅದೇ ಸಿಸ್ಟಂನಲ್ಲಿ ಸಲೀಸಾಗಿ ಓಡುವುದು ಇದೇ ಕಾರಣಕ್ಕೆ. ಅಲ್ಲಿ ದಾರಿಯಲ್ಲಿ ಸಾಮಾನ್ಯವಾಗಿ ನೀವೊಬ್ಬರೇ. ಹಿಂದೆ ನೋಡುವ ಕನ್ನಡಿಯನ್ನೂ ಆಫ್ ಮಾಡಿ. ಕನ್ನಡಿ ಎಂದರೆ ಇಡೀ ದೃಶ್ಯವನ್ನು ಇನ್ನೊಂದು ಸಲ ಬಿಡಿಸಿದ ಹಾಗೆ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಗೇಮ್ 1996ರ 'ಗ್ರ್ಯಾಂಡ್ ಪ್ರೀ 2'. ಆಡುವಾಗ 'ಓ' ಕೀ ಒತ್ತಿದರೆ ಪ್ರೊಸೆಸರ್ ಮೇಲೆ ಎಷ್ಟು ಹೊರೆ ಬಿದ್ದಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. 100 ದಾಟಿತೋ, ಚಿತ್ರ ಜಗ್ಗುವುದಿಲ್ಲ, ಆಟದ ಗಡಿಯಾರವೇ ನಿಧಾನವಾಗುತ್ತದೆ. ಕಾರುಗಳು ನೀರಲ್ಲಿ ಮುಳುಗಿ ಓಡಿದಂತೆ ಕಾಣುತ್ತವೆ. ರೇಸ್ ಶುರುವಿನಲ್ಲಿ ಎಲ್ಲ ಕಾರೂ ಒಟ್ಟಿಗೆ ಇರುವಾಗ ಅಂಕಿ ಏರುವುದನ್ನು ನೋಡಬೇಕು! ಅದನ್ನು ನೋಡಿಕೊಂಡು ಒಂದೊಂದೇ ಸೆಟ್ಟಿಂಗ್ ಇಳಿಸುತ್ತಾ ಬನ್ನಿ.

ಕಾರ್ಡ್ ಇಲ್ಲದೆ ಬೋರ್ಡಿನ ಗ್ರಾಫಿಕ್ಸ್‌ನಲ್ಲೇ ಆಡುತ್ತಿದ್ದೀರಾ? ಜಿ31 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್) ಇರುವ ಹಳೇ ಬೋರ್ಡ್‌ಗಳಲ್ಲಿ ಕಾರು, ಮರ, ಮನೆಗಳ ಆಕಾರದ ಮೂಲೆಗಳನ್ನು ಲೆಕ್ಕ ಹಾಕುವ ಕೆಲಸವೂ ಪ್ರೊಸೆಸರ್ ಮೇಲೇ ಬೀಳುತ್ತದೆ. ಅಂಥ ಸಿಸ್ಟಂಗೆ ಮಾತ್ರ ಸಾಧಾರಣ ಹಳೇ ಕಾರ್ಡ್ ಹಾಕಿದರೂ ಎರಡೂ ಕಡೆ ಲಾಭ.

ಇನ್ನು ಬಿಸಿ. ಅಟ್ಟದ ಧೂಳಿಗೆ ನಮ್ಮೂರಿನ ಶೀತ ಸೇರಿದರೆ ಪ್ರೊಸೆಸರ್ ಮೇಲಿನ ಬಿಸಿ ಎಳೆಯುವ ಲೋಹದ ಹೀಟ್ ಸಿಂಕ್‌ನ ಸಂದಿಗಳಲ್ಲಿ ಕಂಬಳಿಯಂತೆ ಕೂರುತ್ತದೆ. ಪ್ರೊಸೆಸರ್ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ರಷ್‌ನಿಂದ ಧೂಳು ತೆಗೆಯಿರಿ. ಎರಡರ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಿ. ಲ್ಯಾಪ್‌ಟಾಪ್ ಆದರೆ ಕರೆಂಟ್ ಇರುವಾಗ ಚಾರ್ಜರ್ ಹಾಕಿಕೊಂಡೇ ಆಡಿ. ಬ್ಯಾಟರಿಯಲ್ಲಿ ಹೆಚ್ಚಿನವು ವೇಗ ತಗ್ಗಿಸುತ್ತವೆ.

ಬದಲಿಸಲೇಬೇಕಾದರೆ

ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂದು ಹೇಳುವ ಗಿಗಾಹರ್ಟ್ಸ್ ಒಂದನ್ನೇ ನೋಡಬೇಡಿ. 2006ರ ಕೋರ್ 2 ಡ್ಯುಯೊ ಇ6300 ಪ್ರೊಸೆಸರ್ ಬರೀ 1.86 ಗಿಗಾಹರ್ಟ್ಸ್. ಆದರೂ 3 ಗಿಗಾಹರ್ಟ್ಸ್‌ನ ಪೆಂಟಿಯಂ 4ಅನ್ನು ಗೇಮ್‌ಗಳಲ್ಲಿ ಹಿಂದೆ ಹಾಕುತ್ತದೆ. ಕೋರ್‌ಗಳ ಸಂಖ್ಯೆಯನ್ನೂ ನಂಬಬೇಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯೂ6600, ಇ8400 ಎರಡೂ ಸಿಕ್ಕರೆ ಅಂಗಡಿಯವರು ನಾಲ್ಕು ಕೋರಿನ ಮೊದಲನೆಯದನ್ನೇ ಹೊಗಳುತ್ತಾರೆ. ಹಳೇ ರೇಸ್ ಗೇಮ್‌ಗಾದರೆ ನಾನು ಇ8400 ಅನ್ನುತ್ತೇನೆ. ಅದರಲ್ಲಿ ಎರಡೇ ಕೋರ್, ಆದರೆ ಒಂದೊಂದೂ 3 ಗಿಗಾಹರ್ಟ್ಸ್. ಕ್ಯೂ6600ನದ್ದು 2.4. ಕರೆಂಟೂ ಕಡಿಮೆ ಸಾಕು, ಬಿಸಿಯೂ ಕಡಿಮೆ.

ಪ್ರೊಸೆಸರ್ ಕೂರುವ ಸಾಕೆಟ್ ಒಂದೇ ಆದ ಮಾತ್ರಕ್ಕೆ ಬೋರ್ಡ್ ಒಪ್ಪುತ್ತದೆ ಅಂತೇನಿಲ್ಲ. ಶಿವಮೊಗ್ಗದ ಬಸ್ಸು ಹತ್ತುವ ಮೊದಲೇ ಬೋರ್ಡಿನ ಮಾಡೆಲ್ ನಂಬರ್ ಬರೆದುಕೊಂಡು, ಅದರ ಕಂಪನಿ ಕೊಟ್ಟಿರುವ ಪ್ರೊಸೆಸರ್ ಪಟ್ಟಿ ನೋಡಿ. ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬೇಕು ಅಂತಿದ್ದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ವೇಗ ಜಾಸ್ತಿಯಾದರೆ?

ಹೊಸ ಸಿಸ್ಟಂನಲ್ಲಿ ತೊಂದರೆ ಉಲ್ಟಾ. ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಕೆಲವು ಹಳೇ ಗೇಮ್‌ಗಳು ಪ್ರೊಸೆಸರ್ ವೇಗವನ್ನೇ ನಂಬಿಕೊಂಡು ಓಡುತ್ತವೆ. ಅವುಗಳನ್ನು ಇವತ್ತಿನ ವೇಗಕ್ಕೆ ಬಿಟ್ಟರೆ ಸ್ಟಾರ್ಟ್ ಆಗುತ್ತಲೇ ಕಾರು ಗೋಡೆಗೆ ಹೊಡೆದಿರುತ್ತದೆ. ಹಳೇ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಹಾಕಿ, ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ವಿಂಡೋಸ್‌ನ ಹಳೇ ಗೇಮ್ ಹಲವು ಕೋರ್ ಕಂಡು ತಡವರಿಸಿದರೆ, ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಅಫಿನಿಟಿ' ತೆರೆಯಿರಿ. ಒಂದು ಕೋರ್ ಬಿಟ್ಟು ಉಳಿದ ಟಿಕ್‌ಗಳನ್ನೆಲ್ಲ ತೆಗೆಯಿರಿ. ಗೇಮ್ ಮುಚ್ಚಿ ತೆರೆದಾಗ ಇದನ್ನು ಮತ್ತೆ ಮಾಡಬೇಕಾಗುತ್ತದೆ.