ಫ್ರೆಂಚ್‌ನಲ್ಲಿ ‘ಈಗ ಮಾಡ್ತೀನಿ, ನಾಳೆ ಹೋಗ್ತೀನಿ’ ಹೇಳೋದು ಹೇಗೆ

ಪುಣೆಯಲ್ಲಿ ಫ್ರೆಂಚ್ ಕಲಿಯುವ ಕನ್ನಡದವರು ಕಡಿಮೆ ಏನಿಲ್ಲ. ಐಟಿ ಕೆಲಸದವರಿದ್ದಾರೆ, ಓದಲು ಫ್ರಾನ್ಸ್‌ಗೆ ಹೊರಟವರಿದ್ದಾರೆ, ಮಗಳು ಶಾಲೆಯಲ್ಲಿ ಫ್ರೆಂಚ್ ತಗೊಂಡಳು ಅಂತ ಜೊತೆಗೇ ಕೂತು ಓದುವ ಅಮ್ಮಂದಿರೂ ಇದ್ದಾರೆ. ಫರ್ಗ್ಯೂಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್‌ಗೆ ಹೋಗಿ, ಇಲ್ಲಾ ಆಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ, ಶುರುವಿನ ಹಂತದಲ್ಲೇ ‘ಫ್ಯುತ್ಯೂರ್ ಪ್ರೋಶ್’ ಪಾಠ ಬರುತ್ತದೆ. ಅಂದರೆ ಹತ್ತಿರದ ಭವಿಷ್ಯತ್ತು. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಜಾಸ್ತಿ ಕೊಡುವ ಪಾಠ ಫ್ರೆಂಚ್‌ನಲ್ಲಿ ಇನ್ನೊಂದಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ.

ಸೂತ್ರ ಇಷ್ಟೇ. ‘ಅಲೇ’, ಅಂದರೆ ‘ಹೋಗು’ ಎನ್ನುವ ಕ್ರಿಯಾಪದದ ವರ್ತಮಾನ ರೂಪ ಮೊದಲು, ಅದರ ಪಕ್ಕದಲ್ಲಿ ನೀವು ಮಾಡಲಿರುವ ಕೆಲಸದ ಮೂಲರೂಪ, ಅಂದರೆ ಡಿಕ್ಷನರಿಯಲ್ಲಿ ಇರುವ ರೂಪ.

ಪುಣೆಯಲ್ಲಿ ಇರುವವರಿಗೆ ಇದು ಹೊಸದೇ ಅಲ್ಲ. ಮರಾಠಿಯಲ್ಲಿ ‘ಮೀ ಜಾಣಾರ್ ಆಹೆ, ತೂ ಜಾಣಾರ್ ಆಹೇಸ್, ಆಮ್ಹೀ ಜಾಣಾರ್ ಆಹೋತ್’ ಅಂತ ದಿನಾ ಕೇಳ್ತೀರಿ ಅಲ್ವಾ? ‘ಜಾಣಾರ್’ ಅಲುಗಾಡಲ್ಲ, ಪಕ್ಕದ್ದು ಮಾತ್ರ ಬದಲಾಗುತ್ತದೆ. ಕನ್ನಡ ಪೇಪರಿನ ‘ಬರಲಿದ್ದೇನೆ, ಬರಲಿದ್ದೀಯ, ಬರಲಿದ್ದಾರೆ’ ಕೂಡ ಹಾಗೇ. ಫ್ರೆಂಚ್‌ನಲ್ಲಿ ಬದಲಾಗುವುದು ಮೊದಲು ಬರುತ್ತದೆ, ಬದಲಾಗದ್ದು ಆಮೇಲೆ. ಅಷ್ಟೇ ವ್ಯತ್ಯಾಸ.

ಬಾಯಿಪಾಠ ಮಾಡಬೇಕಾದ್ದು ಆರು: ಝ ವೆ (ನಾನು), ತ್ಯು ವಾ (ನೀನು), ಇಲ್ ವಾ, ಎಲ್ ವಾ (ಅವನು, ಅವಳು), ನೂಜ಼ಲೋಂ (ನಾವು), ವೂಜ಼ಲೇ (ನೀವು), ಇಲ್ ವೋಂ (ಅವರು). ನಾವು, ನೀವು ಬಂದಾಗ ನಡುವೆ ಝಡ್ ಸದ್ದು ಬರಲೇಬೇಕು. ‘ನೂ’ ಪದದ ಕೊನೆಯ ಎಸ್ ಸಾಮಾನ್ಯವಾಗಿ ಮೌನ, ಮುಂದೆ ಸ್ವರ ಬಂದದ್ದಕ್ಕೆ ಎದ್ದು ಕೂರುತ್ತದೆ. ಬರೆಯುವಾಗ ತ್ಯು ಜೊತೆಗಿನ ‘ವಾ’ಕ್ಕೆ ಕೊನೆಯಲ್ಲಿ ಎಸ್ ಇದೆ, ಇಲ್ ಜೊತೆಗಿನದಕ್ಕೆ ಇಲ್ಲ. ಮಾತಿನಲ್ಲಿ ನೂಜ಼ಲೋಂ ಬದಲು ಫ್ರೆಂಚರು ‘ಓಂ ವಾ’ ಅನ್ನೋದೇ ಜಾಸ್ತಿ. ಅದೂ ‘ನಾವು’ ಅಂತಲೇ.

ಈಗ ಯಾವ ಕೆಲಸ ಬೇಕೋ ಅದನ್ನು ಸುಮ್ನೆ ಪಕ್ಕಕ್ಕೆ ಇಡಿ. ಝ ವೆ ಮಾಂಝೇ, ನಾನು ತಿಂತೀನಿ. ಲ ತ್ರ್ಯಾಂ ವಾ ಪಾರ್ತೀರ್, ಟ್ರೇನ್ ಇನ್ನೇನು ಹೊರಡುತ್ತೆ. ಜೂನ್‌ನಲ್ಲಿ ಸಿಂಹಗಡದ ಕಡೆ ಮೋಡ ಕಪ್ಪಾದಾಗ: ಇಲ್ ವಾ ಪ್ಲವ್ವಾರ್, ಮಳೆ ಬರುತ್ತೆ. ವರ್ತಮಾನದಲ್ಲಿ ತಲೆ ತಿನ್ನುವ ‘ಎತ್ರ್’ (ಇರು), ‘ಅವ್ವಾರ್’ (ಹೊಂದಿರು) ಥರದ ಅಡ್ಡಾದಿಡ್ಡಿ ಕ್ರಿಯಾಪದಗಳೂ ಇಲ್ಲಿ ತೆಪ್ಪಗೆ ಮೂಲರೂಪದಲ್ಲೇ ಕೂತಿರುತ್ತವೆ.

ಕಷ್ಟ ಇರೋದು ಮುಂದೆ. ‘ಇಲ್ಲ’ ಎಲ್ಲಿ, ಸರ್ವನಾಮ ಎಲ್ಲಿ ಅನ್ನುವ ಎರಡು ಪ್ರಶ್ನೆ. ಇಲ್ಲಿ ಸಮಯ ಕೊಡಿ, ಯಾಕೆಂದರೆ ಅಂಕ ಹೋಗುವುದೂ ಇಲ್ಲೇ, ಮಾತು ತಡವರಿಸುವುದೂ ಇಲ್ಲೇ.

ಫ್ರೆಂಚ್‌ನಲ್ಲಿ ‘ಇಲ್ಲ’ ಅನ್ನುವ ‘ನ... ಪಾ’ ಜೋಡಿ ಅಂಟಿಕೊಳ್ಳುವುದು ‘ಅಲೇ’ಗೆ, ಅದರ ಎರಡೂ ಬದಿಗೆ. ಝ ನ ವೆ ಪಾ ಸೋರ್ತೀರ್, ನಾನು ಹೊರಗೆ ಹೋಗಲ್ಲ. ನಮ್ಮ ‘ಇಲ್ಲ’ ವಾಕ್ಯದ ಕೊನೆಗೆ ಬರುವ ಕಾರಣ, ಕನ್ನಡದವರು ‘ಪಾ’ವನ್ನೂ ಕೊನೆಗೆ ತಳ್ಳುವುದುಂಟು. ತಳ್ಳಬೇಡಿ. ಮಾತಿನಲ್ಲಿ ಫ್ರೆಂಚರೇ ‘ನ’ ನುಂಗಿ ‘ಝ ವೆ ಪಾ ಸೋರ್ತೀರ್’ ಅನ್ನುತ್ತಾರೆ, ಆದರೆ ಪರೀಕ್ಷೆಯಲ್ಲಿ ಪೂರ್ತಿ ಬರೆಯಿರಿ.

ಸರ್ವನಾಮ ಮಾತ್ರ ಅಂಟಿಕೊಳ್ಳುವುದು ಮೂಲರೂಪಕ್ಕೆ, ಅದಕ್ಕಿಂತ ಮೊದಲು. ಝ ವೆ ಲ ಫೇರ್, ಅದನ್ನು ಮಾಡ್ತೀನಿ. ಮಾಡಲ್ಲ ಅನ್ನಲು: ಝ ನ ವೆ ಪಾ ಲ ಫೇರ್. ಎರಡೂ ತಮ್ಮ ತಮ್ಮ ಜಾಗದಲ್ಲೇ ಇವೆ, ನೋಡಿ. ‘ಸ ಲವೇ’, ಅಂದರೆ ಏಳುವುದು, ಇಂಥದ್ದು ಬಂದಾಗ ‘ಸ’ವನ್ನು ಎಲ್ಲ ಕಡೆಯೂ ಡಿಕ್ಷನರಿಯಲ್ಲಿ ಇದ್ದ ಹಾಗೇ ಬಿಡಬಾರದು. ಝ ವೆ ಮ ಲವೇ, ತ್ಯು ವಾ ತ ಲವೇ, ನೂಜ಼ಲೋಂ ನೂ ಲವೇ. ಅವನು, ಅವಳು, ಅವರು ಬಂದಾಗ ‘ಸ’ ಹಾಗೇ ಉಳಿಯುತ್ತದೆ. ಮೂಲರೂಪ ಬದಲಾಗಲ್ಲ ನಿಜ, ಅದಕ್ಕಿಂತ ಮೊದಲಿನ ಪುಟ್ಟ ಪದ ಬದಲಾಗುತ್ತದೆ.

ಬರವಣಿಗೆಯಲ್ಲಿ ಇನ್ನೊಂದು ಗುಂಡಿ ಇದೆ. ‘ಮಾಂಝೇ’ಯನ್ನು ಕೊನೆಗೆ ಇ-ಆರ್ ಹಾಕಿ ಬರೆದರೂ, ಬರೀ ಇ ಮೇಲೆ ಗೆರೆ ಹಾಕಿ ಬರೆದರೂ ಸದ್ದು ಒಂದೇ. ಫ್ಯುತ್ಯೂರ್ ಪ್ರೋಶ್‌ನಲ್ಲಿ ಇ-ಆರ್ ಬೇಕು. ಅನುಮಾನ ಬಂದರೆ ಆ ಜಾಗದಲ್ಲಿ ‘ಫಿನೀರ್’ (ಮುಗಿಸು) ಇಟ್ಟು ಹೇಳಿ. ‘ಝ ವೆ ಫಿನೀರ್’ ಸರಿ ಕೇಳಿಸುತ್ತದೆ, ‘ಝ ವೆ ಫಿನೀ’ ಕೇಳಿಸಲ್ಲ. ಹಾಗಾದರೆ ಅಲ್ಲಿ ಮೂಲರೂಪವೇ.

ಪ್ರಶ್ನೆ ಕೇಳಲು ವಾಕ್ಯದ ಶುರುವಿಗೆ ‘ಎಸ್ಕ’ ಹಾಕಿದರೆ ಆಯಿತು: ಎಸ್ಕ ತ್ಯು ವಾ ವನೀರ್, ನೀನು ಬರ್ತೀಯಾ?

ಹತ್ತಿರ ಅಂದರೆ ಎಷ್ಟು ಹತ್ತಿರ ಅಂತ ಜನ ಕೇಳುತ್ತಾರೆ. ಗಡಿಯಾರ ನೋಡಬೇಡಿ. ಮುಂದಿನ ವರ್ಷದ್ದಾದರೂ ಸರಿ, ಈಗಾಗಲೇ ನಿರ್ಧಾರ ಆಗಿದ್ದರೆ, ಅಥವಾ ಅದು ಆಗುವ ಲಕ್ಷಣ ಕಣ್ಣೆದುರೇ ಇದ್ದರೆ ಇದೇ ರೂಪ ನಡೆಯುತ್ತದೆ. ‘ಫ್ಯುತ್ಯೂರ್ ಸೇಂಪ್ಲ್’ ಅನ್ನುವ ಇನ್ನೊಂದು ಭವಿಷ್ಯತ್ತು ಹವಾಮಾನ ವರದಿ, ಮಾತು ಕೊಡುವುದು, ಬರಹ, ಇಂಥ ಕಡೆ ಜಾಸ್ತಿ ಬರುತ್ತದೆ. ಅದನ್ನು ಆಮೇಲೆ ಕಲಿಯಿರಿ, ಅವಸರ ಇಲ್ಲ.

ಈಗ ಉತ್ತರ ಮುಚ್ಚಿಕೊಂಡು ಮೂರು ವಾಕ್ಯ ಮಾಡಿ, ಬಾಯಿಬಿಟ್ಟು ಜೋರಾಗಿ. ನಾಳೆ ನಾವು ಲೋನಾವಳಕ್ಕೆ ಹೋಗಲ್ಲ. ಅವಳು ಅವನಿಗೆ ಫೋನ್ ಮಾಡ್ತಾಳೆ. ಅವರು ಆರಕ್ಕೆ ಏಳಲ್ಲ.

ಉತ್ತರ: ದಮ್ಯಾಂ, ಓಂ ನ ವಾ ಪಾ ಅಲೇ ಆ ಲೋನಾವಳ. ಎಲ್ ವಾ ಲ್ವೀ ತೆಲೆಫೋನೇ. ಇಲ್ ನ ವೋಂ ಪಾ ಸ ಲವೇ ಆ ಸೀಜ಼ರ್. ಮೊದಲನೆಯದರಲ್ಲಿ ‘ಅಲೇ’ ಎರಡು ಸಲ ಬಂತಲ್ಲ ಅಂತ ಗಾಬರಿ ಬೇಡ: ಒಂದು ಕಾಲ ಹೇಳುತ್ತದೆ, ಇನ್ನೊಂದು ನಿಜವಾಗಿ ಲೋನಾವಳಕ್ಕೆ ಹೋಗುತ್ತದೆ.