ಮಲೆನಾಡಿನ ಮನೆಗೆ ದೊಡ್ಡ ಪರದೆ, ದೊಡ್ಡ ಬ್ಯಾಟರಿಯ ಮೊಬೈಲ್: ಪರೀಕ್ಷಿಸಿ ಕೊಳ್ಳುವ ಬಗೆ

ಡಬ್ಬಿಯ ಮೇಲೆ ಬ್ಯಾಟರಿಯ ಸಾಮರ್ಥ್ಯ 6000 ಎಂಎಎಚ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಶಿವಮೊಗ್ಗದ ನೆಹರೂ ರಸ್ತೆಯ ಆಸುಪಾಸಿನಲ್ಲಿ ಓಡಾಡುವವರ ಕೈಯಲ್ಲಿ ಅದೇ ಮೊಬೈಲ್ ಎರಡು ದಿನ ಬರುತ್ತದೆ. ಹೊಸನಗರದ ಕಡೆ ತೋಟದ ನಡುವಿನ ಒಂಟಿ ಮನೆಗೆ ಹೋದರೆ ಸಂಜೆಯೊಳಗೆ ಶೇ. 20ಕ್ಕೆ ಇಳಿದಿರುತ್ತದೆ. ಮೊಬೈಲ್ ಒಂದೇ, ಬ್ಯಾಟರಿಯೂ ಒಂದೇ. ಬೇರೆಯಾದದ್ದು ಟವರಿನ ದೂರ. ಆದ್ದರಿಂದ ₹15 ಸಾವಿರದಿಂದ ₹30 ಸಾವಿರದೊಳಗಿನ ಮೊಬೈಲ್ ಆರಿಸುವಾಗ ಮಲೆನಾಡಿನವರು ಮೊದಲು ಅಳೆಯಬೇಕಾದ್ದು ಮೊಬೈಲನ್ನಲ್ಲ, ತಮ್ಮ ಮನೆಯ ಸಿಗ್ನಲ್ಲನ್ನು.

ಅಂಗಡಿಗೆ ಹೋಗುವ ಮೊದಲು

ಈಗಿರುವ ಮೊಬೈಲಿನಲ್ಲೇ ಇದನ್ನು ನೋಡಬಹುದು. ಸೆಟ್ಟಿಂಗ್ಸ್ ತೆರೆದು ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್‌ಗೆ ಹೋಗಿ. ಕೆಲವು ಕಂಪನಿಗಳ ಮೊಬೈಲಿನಲ್ಲಿ ಇದು ಸ್ಟೇಟಸ್ ಎಂಬ ಇನ್ನೊಂದು ಪುಟದ ಒಳಗಿರುತ್ತದೆ. ಅಲ್ಲಿ ಸಿಗ್ನಲ್ ಸ್ಟ್ರೆಂತ್ ಎದುರು −97 ಡಿಬಿಎಂ, −112 ಡಿಬಿಎಂ ಎಂಬಂಥ ಅಂಕಿ ಕಾಣುತ್ತದೆ. 4ಜಿಯಲ್ಲಿ −95ಕ್ಕಿಂತ ಸೊನ್ನೆಯ ಕಡೆಗಿದ್ದರೆ ಚೆನ್ನಾಗಿದೆ ಎಂದರ್ಥ. −105ರ ತನಕ ಕೆಲಸ ನಡೆಯುತ್ತದೆ. −110 ದಾಟಿದರೆ ದುರ್ಬಲ, −120ರ ಹತ್ತಿರ ಮಾತು ಹರಿದು ಹರಿದು ಬರುತ್ತದೆ, ಕೊನೆಗೆ ಕಟ್ಟಾಗುತ್ತದೆ. ಅಂಕಿ 10ರಷ್ಟು ಇಳಿದರೆ ಸಿಗ್ನಲ್ಲಿನ ಬಲ ಹತ್ತರಲ್ಲೊಂದು ಪಾಲಾಯಿತು ಎಂದು ಲೆಕ್ಕ. ಪರದೆಯ ಮೂಲೆಯ ಕಡ್ಡಿಗಳನ್ನು ನಂಬಬೇಡಿ, ಎಷ್ಟು ಬಲಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂದು ಒಂದೊಂದು ಕಂಪನಿ ಒಂದೊಂದು ರೀತಿ ನಿಗದಿ ಮಾಡಿಕೊಂಡಿರುತ್ತದೆ.

ಜಗಲಿ, ನಡುಮನೆ, ಅಡುಗೆಮನೆ, ಮಲಗುವ ಕೋಣೆ, ಅಂಗಳದ ತುದಿ ಹೀಗೆ ಐದು ಕಡೆ ನಿಂತು, ಒಂದೊಂದು ಕಡೆ ಒಂದು ನಿಮಿಷ ಕಾದು, ಅಂಕಿ ಬರೆದುಕೊಳ್ಳಿ. ರಾತ್ರಿ ಮೊಬೈಲ್ ಇಡುವ ಜಾಗದ ಅಂಕಿ ಎಲ್ಲಕ್ಕಿಂತ ಮುಖ್ಯ.

ಇದಕ್ಕೂ ಬ್ಯಾಟರಿಗೂ ಏನು ನಂಟು? ಟವರ್ ಹತ್ತಿರವಿದ್ದಾಗ ಮೊಬೈಲ್ ಪಿಸುಮಾತಿನಲ್ಲಿ ಉತ್ತರ ಕೊಟ್ಟರೆ ಸಾಕು. ದೂರವಾದಷ್ಟೂ ಕೂಗಬೇಕು. 4ಜಿ ಮೊಬೈಲ್ ಆಂಟೆನಾದಿಂದ ಸಾಮಾನ್ಯವಾಗಿ ಗರಿಷ್ಠ 200 ಮಿಲಿವ್ಯಾಟಿನಷ್ಟು ಬಲದಲ್ಲಿ ಕೂಗಬಲ್ಲದು, ಆ 200 ಮಿಲಿವ್ಯಾಟ್ ಹೊರಡಿಸಲು ಒಳಗಿನ ಆಂಪ್ಲಿಫೈಯರ್ ಬ್ಯಾಟರಿಯಿಂದ ಅದರ ಹಲವು ಪಟ್ಟು ಎಳೆಯುತ್ತದೆ. ಸಿಗ್ನಲ್ ಪೂರ್ತಿ ಹೋದಾಗಲೂ ಸುಮ್ಮನಿರುವುದಿಲ್ಲ, ಒಂದೊಂದೇ ಬ್ಯಾಂಡಿನಲ್ಲಿ, ಅಂದರೆ ಒಂದೊಂದು ಕಂಪನಾಂಕದ ತರಂಗದಲ್ಲಿ, ಟವರ್ ಹುಡುಕುತ್ತಲೇ ಇರುತ್ತದೆ. ಎರಡು ಸಿಮ್ ಇದ್ದು ಒಂದಕ್ಕೆ ಊರಲ್ಲಿ ಟವರೇ ಇಲ್ಲದಿದ್ದರೆ ಆ ಸಿಮ್ ದಿನವಿಡೀ ಬ್ಯಾಟರಿ ತಿನ್ನುತ್ತದೆ. ಮನೆಯಲ್ಲಿರುವಾಗ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡುವುದೇ ಮೇಲು.

ಮಳೆಗೇ ಸಿಗ್ನಲ್ ಹೋಗುತ್ತದೆ ಎಂಬ ಮಾತು ಅರ್ಧ ಮಾತ್ರ ಸರಿ. ಮೊಬೈಲ್ ಬಳಸುವ 700ರಿಂದ 2300 ಮೆಗಾಹರ್ಟ್ಸ್ ತರಂಗಗಳನ್ನು ಮಳೆಹನಿ ಅಷ್ಟಾಗಿ ತಡೆಯದು. ಗಾಳಿಗೆ ಮರ ಬಿದ್ದು ಲೈನ್ ಹರಿದು, ಟವರಿನ ಬ್ಯಾಟರಿ ಖಾಲಿಯಾಗುವುದು, ಒಂದು ಟವರಿಂದ ಇನ್ನೊಂದಕ್ಕೆ ಇರುವ ಮೈಕ್ರೋವೇವ್ ಕೊಂಡಿ ಜಡಿಮಳೆಯಲ್ಲಿ ಸೊರಗುವುದು, ಇವೇ ಹೆಚ್ಚಿನ ಕಾರಣ. ಆದ್ದರಿಂದ ಸಾಧ್ಯವಾದರೆ ಈ ಅಳತೆಯನ್ನು ಕರೆಂಟ್ ಇದ್ದಾಗ ಒಮ್ಮೆ, ಹೋಗಿ ನಾಲ್ಕೈದು ಗಂಟೆಯಾದ ಮೇಲೆ ಒಮ್ಮೆ ಮಾಡಿ.

ಬ್ಯಾಂಡ್ ಮತ್ತು ವೈಫೈ ಕರೆ

ಗುಡ್ಡ ಬಳಸಿ, ಮಣ್ಣಿನ ದಪ್ಪ ಗೋಡೆ ದಾಟಿ ಒಳಬರುವುದು ಕಡಿಮೆ ಕಂಪನಾಂಕದ ತರಂಗ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28, ಜೊತೆಗೆ 2100ರ ಬ್ಯಾಂಡ್ 1 ಬೇಕು. ಜಿಯೋಗೆ 850ರ ಬ್ಯಾಂಡ್ 5, ಏರ್‌ಟೆಲ್‌ಗೆ 900ರ ಬ್ಯಾಂಡ್ 8. ಜಿಯೋ 5ಜಿ 700ರಲ್ಲೂ ಇರುವುದರಿಂದ ಆ ಸಿಮ್ಮಿನವರು 5ಜಿ ಪಟ್ಟಿಯಲ್ಲಿ ಎನ್28 ಇದೆಯೇ ನೋಡಿ. ಕಂಪನಿಯ ಜಾಲತಾಣದಲ್ಲಿ ಆ ಮಾಡೆಲ್ಲಿನ ಪೂರ್ಣ ವಿವರ ತೆರೆದರೆ ಬ್ಯಾಂಡುಗಳ ಪಟ್ಟಿ ಸಿಗುತ್ತದೆ. ಭಾರತದ ಆವೃತ್ತಿಯ ಪಟ್ಟಿಯನ್ನೇ ಓದಿ, ಅದೇ ಹೆಸರಿನ ಬೇರೆ ದೇಶದ ಮೊಬೈಲಿನಲ್ಲಿ ಬ್ಯಾಂಡ್ ಬೇರೆ ಇರಬಹುದು.

ಒಳಗೆ ಸಿಗ್ನಲ್ ಇಲ್ಲದೆ ಫೈಬರ್ ಇಂಟರ್ನೆಟ್ ಇರುವ ಮನೆಗಳು ಈಗ ಬೇಕಾದಷ್ಟಿವೆ. ಅಂಥವರಿಗೆ ವೈಫೈ ಕಾಲಿಂಗ್, ಅಂದರೆ ಟವರಿನ ಬದಲು ವೈಫೈ ಮೂಲಕ ಮಾಮೂಲು ಕರೆ ಮಾಡುವ ಸೌಲಭ್ಯ, ಇರಲೇಬೇಕು. ಪರೀಕ್ಷೆ ಸರಳ: ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ವಾಟ್ಸಾಪಿನಿಂದಲ್ಲ, ಮಾಮೂಲು ಡಯಲರಿನಿಂದ ಕರೆ ಮಾಡಿ. ಹೋದರೆ ಆಯಿತು. ಕರೆಂಟ್ ಹೋದಾಗ ರೂಟರ್ ಕೂಡ ಸಾಯುತ್ತದೆ ಎಂಬುದನ್ನು ಮರೆಯಬಾರದು. 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಒಂದಿದ್ದರೆ ಮೂರು ತಾಸಾದರೂ ನೆಮ್ಮದಿ.

ಪರದೆಯನ್ನು ಬಿಸಿಲಿನಲ್ಲಿ ನೋಡಿ

6.7 ಇಂಚು ಎಂದರೆ ಕೈಗೆ ಸಿಗದಷ್ಟು ಅಗಲ ಎಂದು ಹಲವರು ಹಿಂಜರಿಯುತ್ತಾರೆ. ಲೆಕ್ಕ ಹಾಕಿದರೆ, 20:9 ಅಳತೆಯ 6.7 ಇಂಚಿನ ಪರದೆ ಸುಮಾರು 70 ಮಿ.ಮೀ. ಅಗಲ. ಹಿಂದಿನ 16:9 ಅಳತೆಯ 5.5 ಇಂಚಿನದು 68 ಮಿ.ಮೀ. ಚಿಲ್ಲರೆ. ಹೆಚ್ಚಿರುವುದು ಉದ್ದ. ಹಾಗಾಗಿ ಅಂಗಡಿಯಲ್ಲಿ ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆಗೆ ಎಟುಕುತ್ತದೆಯೇ ನೋಡಿ. ಎಟುಕುವುದಿಲ್ಲ, ಅದು ಖಾತ್ರಿ. ಎಟುಕಿಸಲು ಹೋದಾಗ ಮೊಬೈಲ್ ಜಾರುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ತೂಕ 200 ಗ್ರಾಂ ಆಸುಪಾಸು ಇದ್ದು ಹಿಂಭಾಗ ನುಣುಪಾಗಿದ್ದರೆ ಒರಟು ಕವರ್ ಅದೇ ದಿನ ಕೊಳ್ಳಿ.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪರದೆಯೂ ಚೆಂದ. ಅಂಗಡಿಯವರನ್ನು ಕೇಳಿ ಬಾಗಿಲಾಚೆ ಬಿಸಿಲಿಗೆ ತನ್ನಿ. ಆಟೋ ಬ್ರೈಟ್‌ನೆಸ್ ಆನ್ ಇರಲಿ. ಸಣ್ಣ ಅಕ್ಷರದ ಒಂದು ಪುಟ ತೆರೆದು ಎರಡು ನಿಮಿಷ ಬಿಡದೆ ಹಿಡಿಯಿರಿ. ಕೆಲವು ಮೊಬೈಲ್ ಮೊದಲ ಅರ್ಧ ನಿಮಿಷ ಪ್ರಖರವಾಗಿದ್ದು, ಮೈ ಬಿಸಿಯಾದ ಕೂಡಲೇ ಬೆಳಕು ತಗ್ಗಿಸುತ್ತವೆ. ಅಂಗಳದಲ್ಲಿ ಅಡಿಕೆ ಹರವಿಕೊಂಡು ಮಾರುಕಟ್ಟೆ ದರ ನೋಡುವವರಿಗೆ ಬೇಕಾದ್ದು ಆ ಎರಡನೇ ನಿಮಿಷದ ಬೆಳಕು. ನಿಟ್ಸ್ ಎಂದರೆ ಪರದೆಯ ಬೆಳಕಿನ ಅಳತೆ. ಜಾಹೀರಾತಿನ ಪೀಕ್ ನಿಟ್ಸ್ ಪರದೆಯ ಸಣ್ಣ ಭಾಗ ಕ್ಷಣಕಾಲ ಮುಟ್ಟುವ ಮಟ್ಟ. ಹೈ ಬ್ರೈಟ್‌ನೆಸ್ ಮೋಡ್ ಎಂದು ಕೊಟ್ಟಿರುವ ಅಂಕಿಯನ್ನು ಹೋಲಿಸಿ.

ಅಮೋಲೆಡ್ ಪರದೆಯಲ್ಲಿ ಕಪ್ಪು ಚುಕ್ಕೆ ಎಂದರೆ ಆರಿದ ದೀಪ, ಹಾಗಾಗಿ ಡಾರ್ಕ್ ಮೋಡ್ ಹಾಕಿದರೆ ಬ್ಯಾಟರಿ ಉಳಿಯುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸದಾ ಉರಿಯುತ್ತಿರುವುದರಿಂದ ಉಳಿತಾಯ ಇಲ್ಲವೆಂದೇ ಹೇಳಬೇಕು.

ಇನ್ನೊಂದು ಪರೀಕ್ಷೆ ನಮ್ಮ ಕಡೆಗೇ ಹೇಳಿ ಮಾಡಿಸಿದ್ದು. ಡೆಮೊ ಮೊಬೈಲಿನ ಪರದೆಗೆ ನಾಲ್ಕೈದು ಹನಿ ನೀರು ಚಿಮುಕಿಸಿ ಒಂದು ಫೋನ್ ನಂಬರ್ ಒತ್ತಿ ನೋಡಿ. ಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುತ್ತದೆ, ನೀರಿಗೂ ಅದೇ ಗುಣ ಇರುವುದರಿಂದ ಅಗ್ಗದ ಪರದೆ ಹನಿಯನ್ನೇ ಬೆರಳೆಂದು ತಿಳಿದು ತಪ್ಪು ಅಂಕಿ ಒತ್ತುತ್ತದೆ. ಬೆರಳಚ್ಚನ್ನೂ ಒದ್ದೆ ಬೆರಳಲ್ಲಿ ಹಿಡಿದು ನೋಡಿ. ಅಡಿಕೆ ಸುಲಿದು ಚೊಗರು ಹತ್ತಿದ, ಸೀಳಿದ ಬೆರಳನ್ನು ಯಾವ ಸೆನ್ಸರೂ ಸುಲಭಕ್ಕೆ ಗುರುತಿಸದು. ಒಂದೇ ಬೆರಳನ್ನು ಎರಡು ಸಲ, ತೊಳೆದಾಗ ಒಮ್ಮೆ, ಕೆಲಸದ ನಡುವೆ ಒಮ್ಮೆ ನೋಂದಾಯಿಸಿಟ್ಟರೆ ತೊಂದರೆ ಕಡಿಮೆಯಾಗುತ್ತದೆ.

ಮನೆಗೆ ತಂದ ಮೇಲೆ ಮೂರು ಅಳತೆ

ಮೊದಲ ಮೂರು ದಿನ ಬ್ಯಾಟರಿಯ ಬಗ್ಗೆ ತೀರ್ಪು ಕೊಡಬೇಡಿ. ಹಳೆಯ ಫೋಟೋಗಳನ್ನು ಇಳಿಸಿಕೊಳ್ಳುವುದು, ಆ್ಯಪ್ ಅಪ್‌ಡೇಟ್ ಮಾಡುವುದು, ಮುಖಗಳನ್ನು ಗುರುತಿಸಿ ವಿಂಗಡಿಸುವುದು ಒಳಗೊಳಗೇ ನಡೆದಿರುತ್ತದೆ. ನಾಲ್ಕನೇ ದಿನದಿಂದ ಶುರುಮಾಡಿ. ಎಲ್ಲಕ್ಕೂ ಬ್ರೈಟ್‌ನೆಸ್ ಕೈಯಾರೆ ಅರ್ಧಕ್ಕೆ ಇಡಿ, ಆಟೋ ಬೇಡ.

ಮೊದಲನೆಯದು, ಏರೋಪ್ಲೇನ್ ಮೋಡಿನಲ್ಲಿ ಮೊಬೈಲಿನಲ್ಲೇ ಉಳಿಸಿಕೊಂಡ ವಿಡಿಯೊ ಒಂದು ಗಂಟೆ ಓಡಿಸಿ. 5000 ಎಂಎಎಚ್‌ನಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ ಇದೆ, ವಿಡಿಯೊಗೆ ಒಂದರಿಂದ ಒಂದೂವರೆ ವ್ಯಾಟ್ ಬೇಕು. ಹಾಗಾಗಿ ಶೇ. 5ರಿಂದ 8 ಇಳಿದರೆ ಸರಿ. ಶೇ. 10 ದಾಟಿದರೆ ಬ್ಯಾಟರಿಯದೋ ಒಳಗೆ ಓಡುತ್ತಿರುವ ಆ್ಯಪಿನದೋ ತೊಂದರೆ ಇದೆ.

ಎರಡನೆಯದು, ಮನೆಯೊಳಗೆ ಅತಿ ಕೆಟ್ಟ ಅಂಕಿ ಬಂದ ಜಾಗದಲ್ಲಿ ಕುಳಿತು ಮೊಬೈಲ್ ಡೇಟಾದಲ್ಲಿ ಒಂದು ಗಂಟೆ ವಿಡಿಯೊ ನೋಡಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಟವರ್ ವಸೂಲಿ ಮಾಡುವ ಸುಂಕ. ಅದು ಮೊದಲನೆಯ ಇಳಿಕೆಯಷ್ಟೇ ಇದ್ದರೆ, ಎಷ್ಟು ದೊಡ್ಡ ಬ್ಯಾಟರಿ ತಂದರೂ ಅರ್ಧ ಅಲ್ಲಿಗೇ ಹೋಗುತ್ತದೆ.

ಮೂರನೆಯದು ನಿದ್ದೆಯ ಪರೀಕ್ಷೆ. ರಾತ್ರಿ 10ಕ್ಕೆ ಶೇಕಡಾವಾರು ಬರೆದಿಟ್ಟು ಬೆಳಿಗ್ಗೆ 6ಕ್ಕೆ ನೋಡಿ. ಶೇ. 3ರಿಂದ 5 ಸಹಜ. 10 ದಾಟಿದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ಯೂಸೇಜ್ ತೆರೆಯಿರಿ. ಮೊಬೈಲ್ ನೆಟ್‌ವರ್ಕ್ ಮೇಲೆ ಕಂಡರೆ ಸಿಗ್ನಲ್ಲಿನ ದೋಷ, ಯಾವುದೋ ಆ್ಯಪ್ ಕಂಡರೆ ಅದರ ದೋಷ. 5ಜಿ ಬಂದು ಹೋಗುವ ಅಂಚಿನ ಊರಾದರೆ ನೆಟ್‌ವರ್ಕನ್ನು 4ಜಿಗೆ ನಿಲ್ಲಿಸಿ ಮರುದಿನ ಮತ್ತೆ ಅಳೆಯಿರಿ.

ಅರ್ಧ ಗಂಟೆಯ ಕರೆಂಟು

ಆರಿದ್ರಾ, ಪುನರ್ವಸು ಮಳೆಯ ದಿನಗಳಲ್ಲಿ ಕರೆಂಟ್ ಬಂದು ಅರ್ಧ ಗಂಟೆ ನಿಂತರೆ ಅದೇ ಭಾಗ್ಯ. ಅಷ್ಟರಲ್ಲಿ ಎಷ್ಟು ತುಂಬುತ್ತದೆ ಎಂಬುದು ಬ್ಯಾಟರಿಯ ಗಾತ್ರದಷ್ಟೇ ಮುಖ್ಯ ಎಂದು ನಮ್ಮ ಖಚಿತ ಅಭಿಪ್ರಾಯ. ಶೇ. 15ರಿಂದ ಶುರುಮಾಡಿ, ಡಬ್ಬಿಯ ಚಾರ್ಜರಿನಲ್ಲೇ 30 ನಿಮಿಷ ಹಾಕಿ. 5000 ಎಂಎಎಚ್‌ಗೆ 18 ವ್ಯಾಟಿನ ಚಾರ್ಜರ್ ಸುಮಾರು ಮೂರನೇ ಒಂದು ಪಾಲು ತುಂಬಿಸುತ್ತದೆ, 33 ವ್ಯಾಟಿನದು ಅರ್ಧದ ಹತ್ತಿರ. 7000 ಎಂಎಎಚ್ ಬ್ಯಾಟರಿಗೆ ನಿಧಾನದ ಚಾರ್ಜರ್ ಕೊಟ್ಟಿದ್ದರೆ ಅದು ತುಂಬುವಷ್ಟರಲ್ಲಿ ಲೈನ್ ಮತ್ತೆ ಹೋಗಿರುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇದೆಯೇ ಎಂದೂ ಕೇಳಿ, ಈಗ ಕೊಡದವರೂ ಇದ್ದಾರೆ. ಕಂಪನಿಯ ಸ್ವಂತ ವೇಗದ ಚಾರ್ಜಿಂಗ್ ಬೇರೆ ಚಾರ್ಜರಿನಲ್ಲಿ ಅದೇ ವೇಗ ಕೊಡದು, ಅದರದೇ ಕೇಬಲ್ ಬೇಕಾಗುವುದೂ ಉಂಟು.

ವೋಲ್ಟೇಜ್ 150ಕ್ಕೆ ಇಳಿದರೆ ಹೆದರಬೇಕಿಲ್ಲ, ಚಾರ್ಜರಿನ ಬೆನ್ನ ಮೇಲೆ 100ರಿಂದ 240 ಎಂದಿರುತ್ತದೆ. ಹೆದರಬೇಕಾದ್ದು ಸಿಡಿಲಿಗೆ. ಗುಡುಗು ಕೇಳಿದ ಕೂಡಲೇ ಸ್ವಿಚ್ ಆರಿಸಿದರೆ ಸಾಲದು, ಚಾರ್ಜರನ್ನು ಪ್ಲಗ್ಗಿನಿಂದಲೇ ಕಿತ್ತಿಡಿ.

ಪವರ್ ಬ್ಯಾಂಕಿನ ಲೆಕ್ಕವೂ ಸ್ವಲ್ಪ ಮೋಸ ಹೋಗುವಂಥದ್ದು. 10,000 ಎಂಎಎಚ್ ಎಂದಿದ್ದರೂ ವೋಲ್ಟೇಜ್ ಏರಿಸಿ ಇಳಿಸುವಾಗ ನಷ್ಟವಾಗಿ, 5000ದ ಮೊಬೈಲನ್ನು ಎರಡು ಸಲ ತುಂಬಿಸದು. ಒಂದೂಕಾಲು ಸಲ ಎಂದು ಇಟ್ಟುಕೊಳ್ಳಿ.

ನೀರು

ವರ್ಷಕ್ಕೆ 7 ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಧೂಳು, ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಅಂಕಿ ನೋಡದೆ ಕೊಳ್ಳುವುದು ತಪ್ಪು. ಐಪಿ54, ಐಪಿ64 ಎಂದರೆ ಎರಚಲು ತಡೆಯುತ್ತದೆ, ಅಷ್ಟೆ. ಐಪಿ67 ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕೆಂಬ ಮಟ್ಟ, ಅದೂ ಸಿಹಿನೀರಿನಲ್ಲಿ, ಹೊಸ ಮೊಬೈಲಿಗೆ. ವಾರಂಟಿ ಕಾಗದ ಓದಿದರೆ ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ಹೊಣೆ ಇಲ್ಲವೆಂದೇ ಇರುತ್ತದೆ.

ಚಾರ್ಜಿಂಗ್ ಕಿಂಡಿ ಒದ್ದೆಯಾದರೆ ಕೆಳಮುಖ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಕೆಲವು ಗಂಟೆ ಇಡಿ. ಒದ್ದೆಯಲ್ಲೇ ಚಾರ್ಜಿಗೆ ಹಾಕಿದರೆ ಕರೆಂಟು ನೀರಿನ ಮೂಲಕ ಹರಿದು ಒಳಗಿನ ಪಿನ್ನುಗಳು ಹಸಿರು ಕಿಲುಬು ಹಿಡಿಯುತ್ತವೆ. ಅಕ್ಕಿ ಡಬ್ಬದಲ್ಲಿ ಹೂತರೆ ಹಿಟ್ಟು ಕಿಂಡಿಗೆ ಸೇರುತ್ತದೆ. ಬಚ್ಚಲೊಲೆಯ ಪಕ್ಕ ಇಟ್ಟರೆ ಬಿಸಿಗೆ ಅಂಟು ಬಿಡುತ್ತದೆ, ಬ್ಯಾಟರಿಯೂ ಉಬ್ಬಬಹುದು.

ತೋಟದೊಳಗಿನ ಜಿಪಿಎಸ್

ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಫೋಟೋ ಹಾಕುವವರು, ದಿಶಾಂಕ್ ಆ್ಯಪಿನ ನಕ್ಷೆಯಲ್ಲಿ ತಾವು ನಿಂತ ಜಾಗದ ಸರ್ವೆ ನಂಬರ್ ನೋಡುವವರು ಇದನ್ನು ಬಿಡಬಾರದು. ಅಡಿಕೆ ಮರಗಳ ಸೋಗೆ ಆಕಾಶ ಮುಚ್ಚಿದಲ್ಲಿ ಜಿಪಿಎಸ್ ತಡವರಿಸುತ್ತದೆ. ಉಪಗ್ರಹ ಕಳಿಸುವ ಎಲ್1, ಎಲ್5 ಎರಡೂ ತರಂಗ ಹಿಡಿಯುವ ಮೊಬೈಲ್ ಇಂಥಲ್ಲಿ ಮೇಲು. ತೋಟದ ನಡುವೆ ಎರಡು ನಿಮಿಷ ನಿಂತು ದಿಶಾಂಕ್ ತೆರೆಯಿರಿ. ಪಕ್ಕದವರ ಸರ್ವೆ ನಂಬರಿಗೆ ಹಾರುತ್ತಿದ್ದರೆ ಬೇಲಿ ಬಳಿ ಬಯಲಿಗೆ ಬಂದು ಹೋಲಿಸಿ. ಬಯಲಲ್ಲೂ ಹಾರಿದರೆ ಮೊಬೈಲಿನ ದೋಷ ಇರಬಹುದು.

ಕಾಗದಪತ್ರ, ರಿಪೇರಿ

ಹಣ ಕೊಡುವ ಮೊದಲು *#06# ಒತ್ತಿ. ಬರುವ ಐಎಂಇಐ, ಅಂದರೆ ಮೊಬೈಲಿನ ಗುರುತಿನ ಸಂಖ್ಯೆ, ಡಬ್ಬಿಯ ಮೇಲಿನದಕ್ಕೂ ಬಿಲ್ಲಿಗೂ ತಾಳೆಯಾಗಬೇಕು. ಸೆಕೆಂಡ್ ಹ್ಯಾಂಡ್ ಆದರೆ ಇಂಗ್ಲಿಷಿನಲ್ಲಿ ಕೆ, ವೈ, ಎಂ ಅಕ್ಷರ ಬರೆದು, ಜಾಗ ಬಿಟ್ಟು 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ, ಕಪ್ಪುಪಟ್ಟಿಯಲ್ಲಿದ್ದರೆ ತಿಳಿಯುತ್ತದೆ.

ರ್‍ಯಾಮ್ 8 ಜಿಬಿ, ಸ್ಟೋರೇಜ್ 128 ಜಿಬಿ ಸಾಕು. 8+8 ಎಂದು ಕೂಡಿಸಿ ಹೇಳುವ ಎರಡನೇ 8 ಸ್ಟೋರೇಜಿನಿಂದ ಎರವಲು ತಂದದ್ದು, ಅದಕ್ಕೆ ಹೆಚ್ಚು ಹಣ ಕೊಡಬೇಡಿ. ಸೆಕ್ಯೂರಿಟಿ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ, ಬ್ಯಾಂಕ್ ಆ್ಯಪ್ ಇರುವವರಿಗೆ 4 ವರ್ಷವಾದರೂ ಬೇಕು.

ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಅದರ ಜಾಲತಾಣದಲ್ಲಿ ನೋಡಿ, ಫೋನ್ ಮಾಡಿ, ನಿಮ್ಮ ಮಾಡೆಲ್ಲಿನ ಪರದೆಗೂ ಬ್ಯಾಟರಿಗೂ ಎಷ್ಟಾಗುತ್ತದೆ, ದಾಸ್ತಾನು ಇದೆಯೇ ಎಂದು ವಿಚಾರಿಸಿ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ., ಸಾಗರದಿಂದ 70ರ ಮೇಲೆ. ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ ಎಂದರೆ ಎರಡು ದಿನದ ಕೂಲಿ ಬಸ್ಸಿನಲ್ಲೇ ಹೋಗುತ್ತದೆ. ಆನ್‌ಲೈನಿನಲ್ಲಿ ಕೊಂಡವರಿಗೆ ಬದಲಿಸಿಕೊಳ್ಳಲು ಸಾಮಾನ್ಯವಾಗಿ 7 ದಿನವಷ್ಟೇ ಸಿಗುತ್ತದೆ. ನಾಲ್ಕನೇ ದಿನ ವಿಡಿಯೊ, ಅಂದೇ ರಾತ್ರಿ ನಿದ್ದೆಯ ಪರೀಕ್ಷೆ, ಐದನೇ ದಿನ ಚಾರ್ಜಿಂಗ್ ಮುಗಿಸಿದರೆ, ಅಂಕಿಗಳನ್ನು ಮುಂದಿಟ್ಟು ದೂರು ಕೊಡಲು ಇನ್ನೂ ಎರಡು ದಿನ ಕೈಯಲ್ಲಿರುತ್ತದೆ.